ವಾಟ್ಸಾಪ್ ಗ್ರೂಪಿನಲ್ಲಿ ಬಾರದ ನೀರು

ನಮ್ಮ ಮಂಗಸೂಳಿಯಲ್ಲಿ ಊರಿಗೆ ಏನಾದರೂ ತಿಳಿಸಬೇಕಂದ್ರೆ ದವಂಡಿ ಹೊಡೀತಿದ್ರು. ಒಬ್ಬಾಂವ ಹಲಗಿ ಬಾರಿಸ್ಕೋತ ಓಣಿ ಓಣಿ ತಿರುಗಿ, ಒಮ್ಮೆ ಕನ್ನಡದಾಗ, ಒಮ್ಮೆ ಮರಾಠಿಯಾಗ ಕೂಗ್ತಿದ್ದ. ಗಡಿ ಊರು ನೋಡ್ರಿ. ಕೇಳಿಲ್ಲ ಅನ್ನೋಕೆ ಯಾರಿಗೂ ದಾರಿ ಇರಲಿಲ್ಲ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ 96 ಮನೆ, ಮೂರು ವಾಟ್ಸಾಪ್ ಗ್ರೂಪು, ಮೇಲೊಂದು ಆಪ್. ಆದರೂ 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿದಾಗ, ನಾಳೆಯಿಂದ ನೀರು ಬೆಳಿಗ್ಗೆ ಸಂಜೆ ಎರಡೆರಡು ತಾಸು ಮಾತ್ರ ಅನ್ನೋ ಸುದ್ದಿ ಅರ್ಧ ಮನೆಗಳಿಗೆ ಮುಟ್ಟಲೇ ಇಲ್ಲ. ರಾತ್ರಿ ಹನ್ನೊಂದಕ್ಕೆ, ಇಂಗ್ಲಿಷಿನಲ್ಲಿ, ಮಾಲೀಕರ ಗ್ರೂಪಿನಲ್ಲಿ ಹಾಕಿದ್ದರು. ಬಾಡಿಗೆದಾರರು ಆ ಗ್ರೂಪಿನಲ್ಲಿಲ್ಲ. ಮಾಲೀಕರಲ್ಲಿ ಕೆಲವರು ಅಮೆರಿಕದಲ್ಲಿ. ಊರಿಂದ ಬಂದಿದ್ದ ಅವ್ವ ಖಾಲಿ ಬಕೆಟ್ ಮುಂದ ನಿಂತು, "ನೀರ ಬರಂಗಿಲ್ಲಂತ ಒಬ್ಬರರೆ ಬಂದ್ ಹೇಳಬಾರದೇನೋ" ಅಂದಳು. ಆ ತಿಂಗಳು ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ಮಾತ್ರ ಎಲ್ಲರಿಗೂ ಗೊತ್ತಿತ್ತು, ಯಾಕಂದ್ರೆ ಅದು ಟಿವಿಯಲ್ಲಿ ಬಂದಿತ್ತು.

ಮುಂದಿನ ತಿಂಗಳು ಮೇಂಟೆನೆನ್ಸ್ ಬಿಲ್ಲಿನಲ್ಲಿ ಹೊಸ ಸಾಲು: ಟ್ಯಾಂಕರ್ ವೆಚ್ಚ, ಮನೆಗೆ 4,000. ಬಿಲ್ಲು ತೋರಿಸಿ ಅಂತ ಒಬ್ಬರು ಕೇಳಿದ್ದಕ್ಕೆ "ನೆಗೆಟಿವಿಟಿ ಬೇಡ" ಅನ್ನೋ ಉತ್ತರ, ಕೆಳಗೆ ಏಳು ಕೈ ಮುಗಿದ ಇಮೋಜಿ.

ಕಾರ್ಯದರ್ಶಿಯನ್ನು ಬೈಯೋದು ಸುಲಭ. ಪಾಪ, ಸಂಬಳ ಇಲ್ಲದ ಕೆಲಸ. ಲಿಫ್ಟ್ ಕೆಟ್ಟರೆ ರಾತ್ರಿ ಎರಡಕ್ಕೂ ಅವರಿಗೇ ಫೋನು. ವಾರ್ಷಿಕ ಸಭೆಗೆ ಬಂದವರು ಹದಿನೊಂದು ಜನ, ಅದರಲ್ಲಿ ಇಬ್ಬರು ಸಮೋಸಾಕ್ಕೆ. ಆದರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಎರಡೂ ಕಡೆಗೆ ಮಾತಾಡುತ್ತದೆ. ನಾನು ಲಿಫ್ಟೇ ಹತ್ತಲ್ಲ ಅಂದ್ರೂ ನಿಮ್ಮ ಪಾಲು ಕಟ್ಟಲೇಬೇಕು. ಹಾಗೇ ಜಮಾ-ಖರ್ಚಿನ ಪುಸ್ತಕ, ಅದರ ವೋಚರು, ಎರಡನ್ನೂ ಮಾಲೀಕರು ನೋಡಬಹುದು. ಇದು ಕಮಿಟಿ ಮಾಡೋ ಉಪಕಾರ ಅಲ್ಲ.

ಮೂರನೇ ಮಹಡಿಯ ನಿವೃತ್ತ ಬ್ಯಾಂಕ್ ನೌಕರರು ಮತ್ತು ನಾನು ಕಾಗದದ ಮೇಲೆ ಅರ್ಜಿ ಬರೆದು 23 ಸಹಿ ಹಾಕಿಸಿದೆವು. ಒಂದೊಂದು ಬಾಗಿಲು ಬಡಿದಾಗಲೇ ಗೊತ್ತಾಗಿದ್ದು, ಎಷ್ಟೋ ಜನ ನನ್ನ ಹಾಗೇ ಹಲ್ಲು ಕಚ್ಚಿ ಸುಮ್ಮನಿದ್ದರು ಅಂತ. ಶನಿವಾರ ಫೈಲು ತೆರೆದರು. ಅದಕ್ಕಿಂತ ಚೊಕ್ಕ ಲೆಕ್ಕ ಗೇಟಿನಲ್ಲಿತ್ತು. ರಾಯಚೂರು ಕಡೆಯ ಸೆಕ್ಯೂರಿಟಿ ಹುಡುಗ ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಗಾಡಿ ನಂಬರು ಕನ್ನಡದಲ್ಲಿ ಬರೆದಿಟ್ಟಿದ್ದ. ಯಾರೂ ಹೇಳಿರಲಿಲ್ಲ, ಕೇಳಿಯೂ ಇರಲಿಲ್ಲ. ಎಕ್ಸೆಲ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟೆ. ಎರಡು ವಾರದ ಬಿಲ್ಲಿನಲ್ಲಿ ಅವನ ಪುಸ್ತಕಕ್ಕಿಂತ ಒಂಬತ್ತು ಟ್ಯಾಂಕರ್ ಜಾಸ್ತಿ. ಕಾರ್ಯದರ್ಶಿಯ ಮುಖ ಬಿಳಚಿತು; ಅವರಿಗೂ ಗೊತ್ತಿರಲಿಲ್ಲ ಅಂತಲೇ ನನಗನ್ನಿಸಿತು.

ಈಗ ನೋಟೀಸು ಲಿಫ್ಟಿನೊಳಗೆ ಎರಡು ಭಾಷೆಯಲ್ಲಿ ಅಂಟಿರುತ್ತದೆ. ಪ್ರತಿ ಟ್ಯಾಂಕರಿಗೂ ಆ ಹುಡುಗನ ಸಹಿ ಬೇಕು. ಒಂಬತ್ತು ಟ್ಯಾಂಕರಿನ ದುಡ್ಡು ಮಾತ್ರ ಇನ್ನೂ ವಾಪಸ್ ಬಂದಿಲ್ಲ. ಮುಂದಿನ ಸಭೆಯ ಪಟ್ಟಿಯಲ್ಲಿ ಅದು ನಾಲ್ಕನೆಯದು, ಪಾರ್ಕಿಂಗ್ ಜಗಳ ಮುಗಿದ ಮ್ಯಾಲೆ.