ಯಾರ ಕಾರು ಮಾರಾಯ?



ಇವತ್ತು ಡಿಸಿ ಮನ್ನಾ ಜಮೀನಿನ ಬಗ್ಗೆ ಬರೆಯುವುದಿಲ್ಲ, ಕಾರಿನ ಎಣ್ಣೆ ಬಗ್ಗೆ ಬರೀತೇನೆ. ಸ್ವಲ್ಪ ಉದ್ದ ಉಂಟು, ಪುರುಸೊತ್ತು ಮಾಡಿ ಓದಿ.

ನಮ್ಮದು ಸೆಕೆಂಡ್ ಹ್ಯಾಂಡ್ ಇಂಡಿಕಾ. ಹೂಡೆಯಿಂದ ಕೆಮ್ಮಣ್ಣು, ಸಂತೆಕಟ್ಟೆ ದಾಟಿ ಮಣಿಪಾಲದ ಆಫೀಸಿಗೆ ದಿನಾ ಅದರಲ್ಲೇ ಹೋಗಿ ಬರುವುದು. ಈಚೆಗೆ ತಿರುವಿನಲ್ಲಿ ಸ್ಟೀರಿಂಗ್ 'ಗುಂಯ್' ಅಂತ ಶಬ್ದ ಮಾಡ್ಲಿಕ್ಕೆ ಶುರು ಮಾಡಿತ್ತು. ಬಾನೆಟ್ ಎತ್ತಿ, ಪವರ್ ಸ್ಟೀರಿಂಗ್ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಕೆಂಪಗಿರಬೇಕಾದ ಎಣ್ಣೆ ಕಷಾಯದ ಹಾಗೆ ಕಪ್ಪಾಗಿದೆ. ಹೋದ ಆದಿತ್ಯವಾರ ಅಂಗಳದಲ್ಲೇ ಬದಲಿಸಿದೆ.

ಈಗಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಸ್ಟೀರಿಂಗ್‌ಗೆ ಕರೆಂಟ್ ಮೋಟಾರು, ಎಣ್ಣೆಯೇ ಇಲ್ಲ. ಹಳೇ ಗಾಡಿಗಳಲ್ಲಿ ಎಂಜಿನ್ ಬೆಲ್ಟ್ ಒಂದು ಪಂಪನ್ನು ತಿರುಗಿಸ್ತದೆ, ಪಂಪು ಎಣ್ಣೆಯನ್ನು ಒತ್ತಿ ಕಳಿಸ್ತದೆ, ಆ ಒತ್ತಡ ಚಕ್ರ ತಿರುಗಿಸ್ಲಿಕ್ಕೆ ಸಹಾಯ ಮಾಡ್ತದೆ. ಎಣ್ಣೆ ಹಾಳಾದರೆ ಪಂಪು, ಸೀಲು ಎಲ್ಲ ಸವೀತದೆ. ಆಗ ಖರ್ಚು ದೊಡ್ಡದು.

ಕೆಲಸ ಕಷ್ಟದ್ದಲ್ಲ. ಎಂಜಿನ್ ತಣ್ಣಗಿರಬೇಕು. ನಮ್ಮ ಅಂಗಳ ಪೂರ್ತಿ ಹೊಯ್ಗೆ, ಜಾಕ್ ಹುಗಿದು ಹೋಗ್ತದೆ. ಹಾಗಾಗಿ ಅಡಿಗೆ ದಪ್ಪ ಹಲಗೆ ಇಟ್ಟೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮುಂದಿನ ಚಕ್ರ ಎತ್ತಿದೆ. ಬರೀ ಜಾಕ್ ನಂಬಿ ಯಾರೂ ಕಾರಿನ ಅಡಿಗೆ ಹೋಗಬೇಡಿ. ಈ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ. ದೊಡ್ಡ ಸಿರಿಂಜಿಗೆ ಸಪೂರ ಪೈಪು ಸಿಕ್ಕಿಸಿ ಡಬ್ಬಿಯ ಎಣ್ಣೆ ಎಳೆದು ಬಾಟ್ಲಿಗೆ ಹಾಕಿದೆ. ಹೊಸತನ್ನು ಮೇಲಿನ ಗೆರೆವರೆಗೆ ತುಂಬಿಸಿದೆ. ಪಿಯುಸಿ ಓದುವ ಮಗಳು ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟ್ ಮಾಡಿ, ಸ್ಟೀರಿಂಗನ್ನು ಎಡಕ್ಕೆ, ಬಲಕ್ಕೆ ನಿಧಾನ ತಿರುಗಿಸಿದಳು. ಕೊನೆಗೆ ಒತ್ತಿ ಹಿಡಿಯಬಾರದು, ಪಂಪಿಗೆ ಪೆಟ್ಟು. ಎಂಜಿನ್ ಬಂದ್ ಮಾಡಿ ಪುನಃ ಎಳೆಯುವುದು, ಪುನಃ ತುಂಬಿಸುವುದು. ಡಬ್ಬಿಯಲ್ಲಿ ಇರುವುದು ಸ್ವಲ್ಪವೇ, ಉಳಿದದ್ದು ಪೈಪಿನ ಒಳಗೆ ಇರ್ತದೆ. ಬಣ್ಣ ತಿಳಿಯಾಗ್ಲಿಕ್ಕೆ ನಾಲ್ಕು ಸಲ ಬೇಕಾಯಿತು. ನೊರೆ ಬಂದರೆ ಒಳಗೆ ಗಾಳಿ ಉಂಟು ಅಂತ, ಸ್ವಲ್ಪ ಹೊತ್ತು ಬಿಡಬೇಕು. ಯಾವ ಎಣ್ಣೆ ಅಂತ ಗಾಡಿಯ ಪುಸ್ತಕದಲ್ಲೋ ಮುಚ್ಚಳದ ಮೇಲೋ ಬರೆದಿರ್ತದೆ, ಅದನ್ನೇ ಹಾಕಿ. ಬ್ರೇಕ್ ಎಣ್ಣೆ ಹಾಕಿದರೆ ಸೀಲುಗಳು ಹಾಳು. ಎಣ್ಣೆ ಬದಲಿಸಿಯೂ ಶಬ್ದ ನಿಲ್ಲದಿದ್ದರೆ ಬೆಲ್ಟು, ಪಂಪು ತೋರಿಸಿ.

ಇಷ್ಟಾಗುವಾಗ ರಸ್ತೆಯಲ್ಲಿ ಹೋಗುವ ಹಿರಿಯರೊಬ್ಬರು ನಿಂತು ಕೇಳಿದರು, "ಯಾರ ಕಾರು ಮಾರಾಯ?"

"ನನ್ನದೇ" ಅಂದೆ.

"ಅದಲ್ಲ, ರಿಪೇರಿಗೆ ಕೊಟ್ಟದ್ದು ಯಾರು?"

ಮೊದಲನೇ ಪ್ರಶ್ನೆ ಯಾರೂ ಕೇಳಬಹುದು. ಎರಡನೆಯದ್ದು ಉಂಟಲ್ಲ, ಅದು ಉತ್ತರ ಸಿಕ್ಕಿದ ಮೇಲೂ ನಂಬ್ಲಿಕ್ಕೆ ಆಗದವರ ಪ್ರಶ್ನೆ. ಅವರು ನನ್ನನ್ನು ಚಿಕ್ಕಂದಿನಿಂದ ಬಲ್ಲವರು, ನಮ್ಮ ಮನೆ ಯಾವ ಕಡೆ ಅಂತ ಗೊತ್ತಿರುವವರು. ಎಣ್ಣೆ ಮೆತ್ತಿದ ಈ ಕೈಯೇ ಕಾರಿನ ಮಾಲಿಕನ ಕೈಯೂ ಆಗಬಹುದು ಅಂತ ಅವರಿಗೆ ಹೊಳೆಯಲಿಲ್ಲ.

ಅವರಿಗಿಂತ ಹೆಚ್ಚು ನನ್ನನ್ನು ತಡೆದದ್ದು ಅಮ್ಮ. ಜಗಲಿಯಲ್ಲಿ ಕೂತು ನೋಡ್ತಾ ಇದ್ದವಳು, "ಬಿ.ಎ. ಓದಿಸಿದ್ದು ಇದಕ್ಕಾ ಮಗಾ? ಗ್ಯಾರೇಜಿನವನಿಗೆ ನಾಲ್ಕು ಕಾಸು ಕೊಡ್ಲಿಕ್ಕೆ ಆಗುದಿಲ್ವಾ?" ಅಂದಳು. ಅವಳು ಬೇರೆಯವರ ಹಟ್ಟಿಯ ಸೆಗಣಿ ಬಾಚಿ, ಹಿತ್ತಿಲ ಬದಿಯಲ್ಲಿ ಗೆರಟೆಯಲ್ಲಿ ಗಂಜಿ ಕುಡಿದವಳು. ಮಗನ ಕೈ ಕೊಳೆಯಾಗಬಾರದು ಅಂತಲೇ ಶಾಲೆಗೆ ಕಳಿಸಿದವಳು. ಅವಳ ಮಾತಿಗೆ ನಗುವ ಹಕ್ಕು ನನಗಿಲ್ಲ.

ಆದರೂ ಹೇಳಿದೆ, "ನಿನಗೆ ಆಗುದಿಲ್ಲ ಅಂತ ಹೇಳ್ಲಿಕ್ಕೆ ಇರಲಿಲ್ಲಮ್ಮ. ನನಗೆ ಉಂಟು." ಬೇಡ ಅನ್ನಿಸಿದರೆ ನಾನು ಸಿರಿಂಜ್ ಬಿಸಾಡಿ, ಕೈ ತೊಳೆದು, ನನ್ನ ಮನೆಯ ಲೋಟದಲ್ಲಿ ಚಾ ಕುಡಿಯಬಹುದು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಜಾತಿ ಹಂಚಿದ್ದು ಕೆಲಸವನ್ನು ಮಾತ್ರ ಅಲ್ಲ, ಕೆಲಸ ಮಾಡುವ ಮನುಷ್ಯರನ್ನು. ಹುಟ್ಟಿಗೆ ಅಂಟಿಸಿದ ಕೊಳೆ ಕೆಲಸವನ್ನು ಸೇವೆ, ಪುಣ್ಯ ಅಂತ ಹೊಗಳುವವರು ನಮಗೆ ಬೇಡ. ಹಾಗಂತ ಸ್ಪಾನರ್ ಮುಟ್ಟುವುದೇ ಅವಮಾನ ಅಂತ ನಾವೂ ನಂಬಿದರೆ, ಅವರ ಪಾಠವನ್ನೇ ನಮ್ಮ ಮಕ್ಕಳಿಗೆ ಕಲಿಸಿದ ಹಾಗೆ.

ನಮ್ಮ ಕರಾವಳಿಯಲ್ಲಿ ಕಾರಿಗೂ ನಮಗೂ ಒಂದು ಹಳೇ ಸಂಬಂಧ ಉಂಟು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರ ಆಸೆ ನಿಮಗೆ ಗೊತ್ತೇ ಉಂಟು. ದಲಿತರ ಮಕ್ಕಳು ಓದಿ, ದೊಡ್ಡ ಹುದ್ದೆಗೆ ಹೋಗಿ, ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು ಅಂತ. ಅವರು ತೀರಿಕೊಂಡದ್ದು 1928ರಲ್ಲಿ. ನಾನು ದೊಡ್ಡ ಹುದ್ದೆಯವನಲ್ಲ, ಗುಮಾಸ್ತ. ಕಾರೂ ಹಳೆಯದು. ಆದರೆ ಧೂಳು ಎಬ್ಬಿಸ್ತದೆ. ನನ್ನ ಮಗಳಿಗೆ ಅದರ ಒಳಗೆ ಏನುಂಟು ಅಂತಲೂ ಗೊತ್ತಿರಲಿ.

ಇನ್ನು ಮುಖ್ಯ ವಿಷಯ. ಕೊನೆಗೆ ಉಳಿದದ್ದು ಒಂದು ಬಾಟ್ಲಿ ಕಪ್ಪು ಎಣ್ಣೆ. ಹೂಡೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸ್ವರ್ಣೆ, ನಡುವೆ ಹೊಯ್ಗೆ. ತೆಂಗಿನ ಬುಡಕ್ಕೆ ಸುರಿದರೆ ಅದು ಇಳಿಯುವುದು ಬಾವಿಗೆ. 2016ರ ನಿಯಮದ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಹಾಗಾದರೆ ಪಂಚಾಯತ್‌ನ ಒಣಕಸದ ಚೀಲಕ್ಕೆ ಹಾಕುವುದಾ? ಆ ಚೀಲವನ್ನು ಮರುದಿನ ಬಿಚ್ಚಿ, ಕೈಯಲ್ಲಿ ವಿಂಗಡಿಸುವ ಹೆಂಗಸರು ಯಾರು, ಯಾವ ಕೇರಿಯವರು ಅಂತ ನಮಗೆ ಗೊತ್ತಿಲ್ವಾ? ನನ್ನ ಕೊಳೆಯನ್ನು ನಾನು ತೆಗೆದೆ ಅಂತ ಹೇಳಿಕೊಂಡು, ಕಡೆಯ ಬಾಟ್ಲಿಯನ್ನು ನಮ್ಮ ಅಕ್ಕನ ಕೈಗೆ ದಾಟಿಸಿದರೆ ಈ ಪೋಸ್ಟೇ ಸುಳ್ಳು. ಬಾಟ್ಲಿ ಬಿಗಿ ಮುಚ್ಚಿ, ಹಳೇ ಎಣ್ಣೆ ಡ್ರಮ್ಮಿನಲ್ಲಿ ಕೂಡಿಟ್ಟು ಮರುಬಳಕೆಯವರಿಗೆ ಕೊಡುವ ಗ್ಯಾರೇಜಿಗೆ ನಾನೇ ಕೊಂಡುಹೋಗಿ ಕೊಟ್ಟೆ.

ನಿಮ್ಮ ಗಾಡಿಯ ಹಳೇ ಎಣ್ಣೆ ಎಲ್ಲಿಗೆ ಹೋಗ್ತದೆ ಅಂತ ಈ ವಾರ ಒಮ್ಮೆ ಕೇಳಿ ನೋಡಿ. ಸಿರಿಂಜು, ಹಲಗೆ ಬೇಕಾದವರು ಹೇಳಿ, ನನ್ನ ಹತ್ತಿರ ಉಂಟು. ಆದಿತ್ಯವಾರ ಬನ್ನಿ, ಮಕ್ಕಳನ್ನೂ ಕರ್ಕೊಂಡು ಬನ್ನಿ.

ಜೈ ಭೀಮ್.