ತಪಸ್ಸು ಕಾಲದ ಮೆಣಸಿನಕಾಯಿ

ಬ್ಯಾಡಗಿ ಮೆಣಸಿನಕಾಯಿಯನ್ನು ತಿನ್ನುವ ಮೊದಲು ಒಮ್ಮೆ ಅಂಗೈಯಲ್ಲಿಟ್ಟುಕೊಂಡು ನೋಡಬೇಕು. ಅವಸರ ಬೇಡ. ಕಡ್ಡಿ ಜಾತಿಯದಾದರೆ ಉದ್ದಕ್ಕೆ, ತೆಳ್ಳಗೆ. ಡಬ್ಬಿಯಾದರೆ ತುಸು ಗಿಡ್ಡ, ಹೊಟ್ಟೆ ದಪ್ಪ. ಮೈತುಂಬ ಸುಕ್ಕು. ಸುಕ್ಕಿನ ಒಂದೊಂದು ಮಡಿಕೆಯಲ್ಲೂ ಕೆಂಪು ಬೇರೆ ಬೇರೆ. ಉಬ್ಬಿದಲ್ಲಿ ಬೆಳಕು ಬಿದ್ದ ಕೆಂಪು, ತಗ್ಗಿನಲ್ಲಿ ಹೆಚ್ಚುಕಡಿಮೆ ಕಪ್ಪು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಗಿಲ ಎನ್ನುತ್ತದೆ. ಖಾರಕ್ಕಿಂತ ಬಣ್ಣವೇ ಇದರ ಬಂಡವಾಳ. ಸಾರಿಗೆ ಹಾಕಿದರೆ ಸಾರು ಕೆಂಪೇರುತ್ತದೆ, ನಾಲಗೆ ಸುಡುವುದಿಲ್ಲ. 2011ರಲ್ಲಿ ಇದಕ್ಕೆ ಜಿಐ ಮಾನ್ಯತೆ ಸಿಕ್ಕಿತು. ಅಂದರೆ ಈ ಕಾಯಿ ಈ ಸೀಮೆಯದ್ದೇ, ಬೇರೆ ಯಾರೂ ಈ ಹೆಸರು ಇಟ್ಟುಕೊಂಡು ಮಾರುವಂತಿಲ್ಲ ಎಂದು ಸರ್ಕಾರವೇ ಬರೆದುಕೊಟ್ಟಿತು.

ಆದರೆ ಮೂಲದಲ್ಲಿ ಇದು ಈ ಸೀಮೆಯದ್ದಲ್ಲ. ಅಮೆರಿಕ ಖಂಡದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗು ಹತ್ತಿ ಗೋವೆಗೆ ಬಂತು, ಗೋವೆಯಿಂದ ಘಟ್ಟ ಹತ್ತಿತು. ಅದೇ ಕಡಲದಾರಿಯಲ್ಲಿ 1542ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರು ಗೋವೆಗೆ ಬಂದಿಳಿದರು. ಮೆಣಸಿನಕಾಯಿಯೂ ನಮ್ಮ ಗುರುಗಳೂ ಒಂದೇ ದಾರಿಯವರು ಎಂದು ಯೋಚಿಸುತ್ತ ಕುಳಿತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಆ ಕಾಯಿಯನ್ನು ಯಾರೂ ಹೊಸಿಲಲ್ಲಿ ತಡೆದು ಕೇಳಲಿಲ್ಲ. ಮಠದ ದಾಸೋಹಕ್ಕೂ ಹೋಯಿತು, ದರ್ಗಾದ ಉರುಸಿನ ಅಡುಗೆಗೂ ಹೋಯಿತು, ತಾಂಡಾದ ಒಲೆಗೂ ಹೋಯಿತು. ಈಗ ಅದಿಲ್ಲದ ಅಡುಗೆಮನೆಯನ್ನು ಕಲ್ಪಿಸಿಕೊಳ್ಳುವುದೇ ಕಷ್ಟ.

ನಾನು ಕಥೋಲಿಕ ಗುರು. 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯದ ತೆಂಕಣ ತುದಿಯ ಈ ಹಾವೇರಿ ಸೀಮೆಯಲ್ಲಿ ನಮ್ಮವರು ವಿರಳ. ವಿಭೂತಿ ಬುಧವಾರದಿಂದ ಪಾಸ್ಖ ಹಬ್ಬದವರೆಗೆ ನಮಗೆ ತಪಸ್ಸು ಕಾಲ: ನಲವತ್ತು ದಿನದ ಉಪವಾಸ, ಪ್ರಾರ್ಥನೆ, ದಾನ. ಬ್ಯಾಡಗಿ ಮಾರುಕಟ್ಟೆಗೆ ಅದು ಮೆಣಸಿನಕಾಯಿಯ ಹಂಗಾಮು. ಸೋಮವಾರ, ಗುರುವಾರ ಲಾರಿಗಳ ಸಾಲು, ಚೀಲಗಳ ಗುಡ್ಡ, ಗಾಳಿಯಲ್ಲೇ ಘಾಟು. ಹಣೆಗೆ ಬೂದಿ ಹಚ್ಚಿಕೊಂಡು ಒಳಗೆ ನೋಡಿಕೋ ಎನ್ನುವ ಕಾಲದಲ್ಲೇ ಇಡೀ ಊರು ಸೀನುತ್ತ, ಕೆಮ್ಮುತ್ತ, ತೂಗುತ್ತ, ಕೂಗುತ್ತ ಇರುತ್ತದೆ.

ಆತ್ಮದ ನವೀಕರಣ ಎಂದರೆ ಒಳಗೆ ನೋಡಿಕೊಳ್ಳುವುದು ಎಂದು ನಾವೆಲ್ಲ ಹೇಳುತ್ತ ಬಂದಿದ್ದೇವೆ. ಸುಳ್ಳಲ್ಲ. ಆದರೆ ಮನೆಯ ಕಸ ಗುಡಿಸಿದವನು ಅದನ್ನು ಹೊರಗೆ ಹಾಕಲಿಕ್ಕಾದರೂ ಬಾಗಿಲು ತೆಗೆಯಬೇಕು. ತೆಗೆದಾಗ ಅಲ್ಲಿ ಯಾರೋ ನಿಂತಿರುತ್ತಾರೆ. ಅವರನ್ನು ನೋಡಿ ಮತ್ತೆ ಕದ ಹಾಕಿಕೊಂಡರೆ ಗುಡಿಸಿದ್ದಕ್ಕೆ ಅರ್ಥವೇನು? ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ಚಿತ್ರವಿದೆ. ಹಸಿದವನಿಗೆ ಉಣಿಸಿದೆಯಾ, ಪರದೇಶಿಯನ್ನು ಮನೆಯೊಳಗೆ ಕರೆದೆಯಾ ಎಂಬುದಷ್ಟೇ ಅಲ್ಲಿಯ ಲೆಕ್ಕ. ಎಷ್ಟು ದಿನ ಉಪವಾಸವಿದ್ದೆ ಎಂಬ ಮಾತೇ ಇಲ್ಲ. ಪ್ರತಿ ವರ್ಷ ಓದುತ್ತೇನೆ, ಪ್ರತಿ ವರ್ಷವೂ ಅಲ್ಲಿ ತಡೆದು ನಿಲ್ಲುತ್ತೇನೆ.

ಇಂಥ ತಡೆದು ನಿಲ್ಲುವಿಕೆಗೆ ಬ್ಯಾಡಗಿ ತಾಲೂಕಿನ ಕದರಮಂಡಲಗಿ ಒಳ್ಳೆಯ ಊರು. ಶನಿವಾರ ಅಲ್ಲಿ ಕಾಂತೇಶನ ದರ್ಶನಕ್ಕೆ ಜನವೋ ಜನ. ಇಲ್ಲಿಯ ಕಾಂತೇಶ, ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಆಂಜನೇಯರನ್ನು ಒಂದೇ ದಿನದಲ್ಲಿ ಕಂಡರೆ ಪುಣ್ಯ ಎಂಬ ನಂಬಿಕೆ. ಹಾಗಾಗಿ ಬರುವವರೆಲ್ಲ ಹೊರಡುವ ಗಡಿಬಿಡಿಯವರು. ಟೆಂಪೋದಿಂದ ಇಳಿಯುತ್ತಾರೆ, ಕೈಕಾಲು ತೊಳೆಯುತ್ತಾರೆ, ಕಾಯಿ ಒಡೆಸುತ್ತಾರೆ, ಮತ್ತೆ ಟೆಂಪೋ. ಊರಿನವರಿಗೆ ಹೊಸ ಮುಖ ಹೊಸದೇ ಅಲ್ಲ. ಸಾಗರ ಹಾರಿ ಪರನಾಡಿಗೆ ಹೋಗಿ, ಅಲ್ಲಿ ಒಂಟಿಯಾಗಿ ಕುಳಿತ ಹೆಣ್ಣುಮಗಳಿಗೆ ನಿನ್ನವರು ನಿನ್ನನ್ನು ಮರೆತಿಲ್ಲ ಎಂದು ಸುದ್ದಿ ಮುಟ್ಟಿಸಿ ಬಂದವನ ಊರು ಇದು. ಅಪರಿಚಿತರನ್ನು ಕಂಡರೆ ಇಲ್ಲಿ ನಾಯಿಯೂ ಹೆಚ್ಚು ಬೊಗಳುವುದಿಲ್ಲ.

ಅಲ್ಲಿ ಪರಿಚಯದ ಮನೆಯೊಂದಿದೆ. ಬಿಳಿ ನಿಲುವಂಗಿಯ ನನ್ನನ್ನು ಕಂಡರೆ ಆ ಮನೆಯ ಹಿರಿಯವ್ವ ಮಠದ ಸ್ವಾಮಿಗಳನ್ನು ಕರೆಯುವ ಹಾಗೆಯೇ ಕರೆಯುತ್ತಾರೆ: “ಬರ್ರಿ ಅಜ್ಜಾರ, ಬಿಸಿಲಾಗ ಎಲ್ಲಿ ಹೊಂಟೀರಿ? ಒಂದ್ ರೊಟ್ಟಿ ತಿಂದ ಹೋಗ್ರಿ.” ರೊಟ್ಟಿ ಬಡಿಯುವ ಸಪ್ಪಳ ಬಾಗಿಲವರೆಗೂ ಕೇಳುತ್ತಿರುತ್ತದೆ. ಎರಡೂ ಅಂಗೈ ತಾಳ ಹಾಕುತ್ತವೆ, ಹಿಟ್ಟು ತಿರುಗುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿ ಮೇಲೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ನೀರು ಆರುವಷ್ಟರಲ್ಲಿ ಮಗುಚಿ, ಕೊನೆಗೆ ಕೆಂಡದ ಮಗ್ಗುಲಿಗೆ ಒರಗಿಸಿದರೆ ರೊಟ್ಟಿ ಉಸಿರು ತುಂಬಿಕೊಂಡು ಉಬ್ಬುತ್ತದೆ. ತಟ್ಟೆಯಲ್ಲಿ ಅದರ ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಒಂದು ಬೆರಳು ಕೆಂಪಿಂಡಿ, ಎಣ್ಣೆಗಾಯಿ, ಮೊಸರು.

ಈ ತಟ್ಟೆಯ ಮುಂದೆ ಕುಳಿತು ಒಬ್ಬೊಬ್ಬರ ಊರು ಕೇರಿ ವಿಚಾರಿಸಿದರೆ ಬೆರಗಾಗುತ್ತದೆ. ಜೋಳ ಆಫ್ರಿಕದ್ದು, ಸುಮಾರು 4000 ವರ್ಷಗಳ ಹಿಂದೆ ಇತ್ತ ಬಂದದ್ದು. ಗುರೆಳ್ಳಿನ ತವರು ಇಥಿಯೋಪಿಯದ ಎತ್ತರದ ನೆಲ. ಶೇಂಗಾ ದಕ್ಷಿಣ ಅಮೆರಿಕದ್ದು. ಕೆಂಪಿಂಡಿಯ ಕಥೆ ಹೇಳಿಯಾಯಿತು. ಹಾದಿಯುದ್ದಕ್ಕೂ ಹೊಲಗಳಲ್ಲಿ ಕಾಣುವ ಗೋವಿನಜೋಳವೂ ಅಮೆರಿಕದಿಂದ ಬಂದ ಬಳಗ. ಬದನೆಕಾಯಿಯೊಂದೇ ಈ ನಾಡಿನ ಮನೆಯೊಡೆಯ. ಮಿಕ್ಕವರೆಲ್ಲ ಬಂದುಣ್ಣಿಗಳು. ಅಲ್ಲ, ಬಂದುಣಿಸಿಗಳು. ಬಂದವರು ನಮ್ಮನ್ನು ಸಾಕುತ್ತಿದ್ದಾರೆ. ಆ ಅವ್ವನಿಗೆ ಇದೆಲ್ಲ ಹೇಳಿದೆ. ಅವರು ಇನ್ನೊಂದು ರೊಟ್ಟಿ ಹಾಕುತ್ತ, “ಬಂದದ್ದೆಲ್ಲಾ ನಮ್ದ ಆತಲ್ರಿ ಮತ್ತ” ಎಂದರು. ಧರ್ಮಶಾಸ್ತ್ರದ ತರಗತಿಯಲ್ಲಿ ಇಷ್ಟು ಚೊಕ್ಕವಾಗಿ ಯಾರೂ ನನಗೆ ಹೇಳಿರಲಿಲ್ಲ.

ಬರುವವರ ಮಾತು ಬಂದಾಗ ಹಕ್ಕಿಗಳನ್ನು ಬಿಡುವುದು ನ್ಯಾಯವಲ್ಲ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಹಗಲು ಕೆರೆಯಲ್ಲಿ, ಉಳಿದ ಹೊತ್ತು ಸುತ್ತಲ ಹೊಲಗಳಲ್ಲಿ ಮೇವು. ಬೆಳೆ ಯಾರದ್ದು, ಮೇಯುವವರು ಯಾರು! ಆದರೂ ಆ ಸೀಮೆಯ ರೈತರು ಅವುಗಳನ್ನು ಇರಗೊಟ್ಟಿದ್ದಾರೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರುವ ಎಷ್ಟೋ ಮೊದಲೇ ಆ ಹೊಲಗಳ ಒಡೆಯರು ಮಾಡಿದ ಕೆಲಸವನ್ನು ನಾನು ಪುಣ್ಯವೆಂದೇ ಎಣಿಸುತ್ತೇನೆ.

ನನ್ನ ಹಿರಿಯರೂ ಬಂದವರೇ. ಗೋವೆಯ ಸಾಲಸೇಟೆಯಿಂದ, ಬಾರ್ದೇಶದಿಂದ ಕೊಂಕಣಿ ಕ್ರೈಸ್ತರು ತಲೆಮಾರುಗಟ್ಟಲೆ ಕಾಲ ದಕ್ಷಿಣಕ್ಕೆ ಗುಳೆ ಬಂದರು. ತೆರಿಗೆಯ ಭಾರ, ರೋಗರುಜಿನ, ಯುದ್ಧ, 1560ರಲ್ಲಿ ಶುರುವಾದ ಇನ್‌ಕ್ವಿಸಿಶನ್ನಿನ ಭಯ, ಕಾರಣ ಒಂದೇ ಅಲ್ಲ. ಅವರಿಗೆ ಜಾಗ ಕೊಟ್ಟವರು ಕೆಳದಿಯ ಅರಸರು. ವೀರಶೈವ ಅರಸರು ಕ್ರೈಸ್ತ ಒಕ್ಕಲಿಗೆ ಗೇಯಲು ನೆಲ ಕೊಟ್ಟರು, ಪೂಜೆಗೆ ಇಗರ್ಜಿ ಕಟ್ಟಿಕೊಳ್ಳಲು ಬಿಟ್ಟರು. ದುಡಿಯುವ ಕೈ ರಾಜ್ಯಕ್ಕೆ ಬೇಕಿತ್ತು ಎನ್ನಬಹುದು. ಇರಲಿ. ಬೇಕಾಗಿದ್ದಕ್ಕೆ ಕರೆದರೂ ಕರೆದದ್ದು ಕರೆದದ್ದೇ. ನಮ್ಮ ಮನೆತನದ ಮೊದಲ ಗದ್ದೆ ಹಾಗೆ ಸಿಕ್ಕಿದ್ದೆಂದು ನಮ್ಮ ಅಜ್ಜಿ ಹೇಳುತ್ತಿದ್ದರು.

ಇವತ್ತು ದಾರಿ ತಿರುಗಿದೆ. ಮಳೆ ಕೈಕೊಟ್ಟ ವರ್ಷ ಹಾವೇರಿ, ಗದಗ, ಬಾಗಲಕೋಟೆಯ ಹಳ್ಳಿಗಳಿಂದ, ತಾಂಡಾಗಳಿಂದ ಜನ ಗೋವೆಗೆ ಗುಳೆ ಹೋಗುತ್ತಾರೆ. ಅಲ್ಲಿಯ ಮನೆಗಳನ್ನು ಕಟ್ಟುವವರು ಅವರು, ರಸ್ತೆಗೆ ಕಲ್ಲು ಹೊರುವವರು ಅವರು. ಅಲ್ಲಿ ಕೆಲವರು ಅವರನ್ನು ಕರೆಯುವ ಹೆಸರೊಂದಿದೆ. ಅದನ್ನು ನಾನು ಇಲ್ಲಿ ಬರೆಯಲಾರೆ. ಕರೆಯುವವರಲ್ಲಿ ನನ್ನ ಹಾಗೆ ಶಿಲುಬೆಯ ಗುರುತು ಹಾಕಿಕೊಳ್ಳುವವರೂ ಇದ್ದಾರೆ ಎನ್ನುವಾಗ ಎದೆ ಭಾರವಾಗುತ್ತದೆ. ನಮಗೆ ನೆಲ ಕೊಟ್ಟ ನಾಡಿನ ಮಕ್ಕಳು ನಮ್ಮ ಹಿರಿಯರ ಬಾಗಿಲಿಗೆ ಹೋಗಿ ನಿಂತಿದ್ದಾರೆ. ಈ ಸಾಲವನ್ನು ಯಾವ ಪಾಪ ನಿವೇದನೆಯಲ್ಲಿ ತೀರಿಸುವುದು?

ಸಾಲಸೇಟೆಯವರೇ ಆದ ಸಂತ ಜೋಸೆಫ್ ವಾಜರು 1681ರಲ್ಲಿ ಕೆನರಾಕ್ಕೆ ಬಂದು ಮೂರು ವರ್ಷ ದುಡಿದರು. ಆಮೇಲೆ 1687ರಲ್ಲಿ ಸಿಂಹಳಕ್ಕೆ ಹೋದರು. ಆಗ ಅಲ್ಲಿಯ ಕರಾವಳಿಯಲ್ಲಿ ಡಚ್ಚರ ಆಳ್ವಿಕೆ. ಕಥೋಲಿಕ ಗುರುಗಳಿಗೆ ಪ್ರವೇಶವಿಲ್ಲ. ಕೂಲಿಯವನ ವೇಷದಲ್ಲಿ ಇಳಿದರು, ಕಾಯಿಲೆ ಬಿದ್ದು ಬೀದಿಯಲ್ಲಿ ಮಲಗಿದರು, ಬಡ ಹೆಂಗಸರು ಗಂಜಿ ಕೊಟ್ಟು ಉಳಿಸಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಸಂತಪದವಿಯ ದೊಡ್ಡ ಮಾತುಗಳಿಗಿಂತ ನನಗೆ ಆ ಗಂಜಿ ಹೆಚ್ಚು ನೆನಪಾಗುತ್ತದೆ. ಗಂಜಿ ಕೊಟ್ಟವರಿಗೆ ಗೊತ್ತಿದ್ದದ್ದು ಒಬ್ಬ ಕಾಯಿಲೆಯ ಪರದೇಶಿ ಮಾತ್ರ.

ಕದರಮಂಡಲಗಿಯಲ್ಲೇ ಕೂತು ಕನಕದಾಸರು ಮೋಹನತರಂಗಿಣಿ ಬರೆದರೆಂದು ಊರವರು ಹೇಳುತ್ತಾರೆ. ಅವರ ಕಾಗಿನೆಲೆಯೂ ಇದೇ ತಾಲೂಕಿನದು. ಉಡುಪಿಯ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಒಳಗೆ ಬಿಡಲಿಲ್ಲ, ಹಿಂದುಗಡೆ ನಿಂತು ಹಾಡಿದರು, ಗೋಡೆ ಬಿರಿಯಿತು, ಕೃಷ್ಣ ತಿರುಗಿದ. ತಪಸ್ಸು ಕಾಲದಲ್ಲಿ ಈ ಕಥೆ ನನ್ನನ್ನು ಬಿಡುವುದೇ ಇಲ್ಲ. ದೇವರ ಕಡೆ ತಿರುಗಿರಿ ಎಂದು ನಾನು ಪೀಠದಿಂದ ಹೇಳುತ್ತೇನೆ. ಆ ದೇವರ ಮುಖ ಎತ್ತ ಇದೆ ಎಂದು ಮೊದಲು ಕೇಳಬೇಡವೇ? ಈ ಸೀಮೆಯ ಭಕ್ತನ ಕಥೆ ಹೇಳುವಂತೆ ಅವನು ಹೊರಗೆ ನಿಂತವನ ಕಡೆ ತಿರುಗಿದ್ದಾನೆ. ಹಾಗಿದ್ದರೆ ಒಳಗೆ ಮುಂಬಾಗಿಲಲ್ಲಿ ಸಾಲುಗಟ್ಟಿ ಕುಳಿತ ನಮಗೆ ಕಾಣುತ್ತಿರುವುದು ಅವನ ಬೆನ್ನು. ಮುಖ ಕಾಣಬೇಕಾದರೆ ನಾವೂ ಎದ್ದು ಹೊರಗೆ ಹೋಗಿ, ನಿಂತವರ ಮಗ್ಗುಲಲ್ಲಿ ನಿಲ್ಲಬೇಕು. ನನ್ನ ನವೀಕರಣದ ಪಾಠವೆಲ್ಲ ಇಷ್ಟೇ, ಇದನ್ನು ಕಲಿಸಿದ್ದು ಬ್ಯಾಡಗಿ ತಾಲೂಕು.

ಹೊರಗೆ ನಿಂತವರು ನಮ್ಮ ಗುಡಿಯಲ್ಲೂ ಇದ್ದಾರೆ. ಹೆದ್ದಾರಿ ಕೆಲಸಕ್ಕೆ ಜಾರ್ಖಂಡದಿಂದ ಬಂದ ಓರಾಂವ್ ಹುಡುಗರು ಭಾನುವಾರದ ಬಲಿಪೂಜೆಗೆ ಬಂದು ಕೊನೆಯ ಸಾಲಿನ ಹಿಂದೆ, ಚಪ್ಪಲಿಗಳ ಹತ್ತಿರ ನಿಲ್ಲುತ್ತಿದ್ದರು. 1885ರಲ್ಲಿ ಛೋಟಾನಾಗಪುರಕ್ಕೆ ಹೋದ ಬೆಲ್ಜಿಯಂನ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲೀವನ್ಸರ ಕಾಲದಿಂದ ಅವರಲ್ಲಿ ಬಹಳ ಮಂದಿ ಕಥೋಲಿಕರು. ಹಿಂದಿ ಬಾರದ ನಮ್ಮ ಜನ, ಕನ್ನಡ ಬಾರದ ಅವರು. ಒಂದು ದಿನ ಪೂಜೆಯಾದ ಮೇಲೆ ಚಹಾ ಕುಡಿಯುತ್ತ ಮನೆಮಾತು ಯಾವುದೆಂದು ಕೇಳಿದೆ. ಕುಡುಖ್. ನಮ್ಮ ಕನ್ನಡದ ದೂರದ ದಾಯಾದಿ ಅದು, ದ್ರಾವಿಡ ಬಳಗದ್ದೇ. ಅವರು ಬಾಯಿಗೆ ಬಾಯಿ ಎಂದೇ ಅನ್ನುತ್ತಾರೆ, ನೀನು ಎನ್ನಲಿಕ್ಕೆ ನೀನ್. ತಮ್ಮ ಹಿರಿಯರು ಕರ್ನಾಟಕದ ಕಡೆಯಿಂದ ಉತ್ತರಕ್ಕೆ ಹೋದವರು ಎಂಬ ಐತಿಹ್ಯವೂ ಅವರಲ್ಲಿದೆ. ಇದು ಕೇಳಿದ್ದೇ ತಡ, ನಮ್ಮ ಗಾಯನ ತಂಡದ ಹೆಣ್ಣುಮಕ್ಕಳು, “ಹಂಗಾರ ನೀವು ತವರಿಗೆ ಬಂದಂಗಾತಲ್ರೀ ಅಣ್ಣಾರ, ಹಿಂದ ಯಾಕ ನಿಂದರ್ತೀರಿ, ಮುಂದ ಬರ್ರಿ” ಎಂದು ಎಳೆದುಕೊಂಡು ಹೋದರು. ಈಗ ಪೂಜೆಯಲ್ಲಿ ತಮ್ಮ ಮಾಂದರ್ ಡೋಲು ಬಾರಿಸುವವರು ಅವರೇ. ಗುಡಿಗೆ ಹೊಸ ರಕ್ತ ಬಂದಿದೆ. ನನ್ನ ನಲವತ್ತು ದಿನದ ಪ್ರಬೋಧನೆಗಳಿಂದ ಆಗದ್ದು ಒಂದು ಚಹಾದಲ್ಲಿ ಆಯಿತು.

ಪವಿತ್ರ ಗುರುವಾರ ಯೇಸುಸ್ವಾಮಿ ಶಿಷ್ಯರ ಪಾದ ತೊಳೆದದ್ದನ್ನು ನೆನೆದು ನಾವೂ ಹನ್ನೆರಡು ಮಂದಿಯ ಪಾದ ತೊಳೆಯುತ್ತೇವೆ. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ಹೆಂಗಸರಿಗೂ ಈ ವಿಧಿಯಲ್ಲಿ ಜಾಗ ಕೊಟ್ಟರು. ಆ ವರ್ಷ ಮಾರ್ಚ್ 24ರಂದು ಅವರು ರೋಮಿನ ಹೊರವಲಯದ ನಿರಾಶ್ರಿತರ ಕೇಂದ್ರಕ್ಕೆ ಹೋಗಿ ಪಾದ ತೊಳೆದರು. ಅಲ್ಲಿ ಮುಸ್ಲಿಮರಿದ್ದರು, ಎರಿಟ್ರಿಯದ ಹೆಣ್ಣುಮಕ್ಕಳಿದ್ದರು, ನಮ್ಮ ಭಾರತದ ಒಬ್ಬ ಹಿಂದೂ ಹುಡುಗನೂ ಇದ್ದ. ಆ ಹುಡುಗನ ತಾಯಿ ಯಾವ ಊರಿನ ಒಲೆಯ ಮುಂದೆ ಕುಳಿತು ಆ ಸುದ್ದಿ ಕೇಳಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಹಾಗಾಗಿ ಈ ಸಲ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ಕರೆಯೋಣವೆಂದು ಮಾರುಕಟ್ಟೆಗೆ ಹೋದೆ. ಬಳ್ಳಾರಿ ಸೀಮೆಯಿಂದ ಬಂದು ಹಂಗಾಮು ಮುಗಿಯುವವರೆಗೆ ಇಲ್ಲೇ ಇರುವ ಒಬ್ಬಾಕೆ ಮೂಗಿಗೆ ಸೆರಗು ಕಟ್ಟಿಕೊಂಡು ರಾಶಿಯ ಮುಂದೆ ಕುಳಿತಿದ್ದರು. ಎಡಗೈ ಕಾಯಿ ಹಿಡಿಯುತ್ತದೆ, ಬಲಗೈ ಹೆಬ್ಬೆರಳು ತೊಟ್ಟನ್ನು ಚಿಟಿಕ್ಕನೆ ಮುರಿಯುತ್ತದೆ, ಕಣ್ಣು ಆ ಕಡೆ ನೋಡುವುದೂ ಇಲ್ಲ. ಬೆರಳ ತುದಿಗಳು ಕೆಂಪಾಗಿ, ಚರ್ಮ ನುಣ್ಣಗೆ ಸವೆದು ಹೊಳೆಯುತ್ತಿತ್ತು. ಗುರುವಾರ ಸಂಜೆ ಗುಡಿಗೆ ಬರಬೇಕು, ನಿಮ್ಮ ಕಾಲು ತೊಳೆಯುತ್ತೇನೆ ಎಂದೆ.

“ಗುರುವಾರ ಮಾರ್ಕೆಟ್ ಐತಲ್ರಿ ಅಜ್ಜಾರ,” ಎಂದರು ಕೈ ನಿಲ್ಲಿಸದೆ. “ಹೊತ್ತ ಮುಳುಗಿದ ಮ್ಯಾಲ ಬರ್ತೀವಿ ಬಿಡ್ರಿ. ಆದ್ರ ಕಾಲಿಗೇನಾಗೇತ್ರಿ? ಉರಿಯೂದು ಕೈ. ತೊಳಿಯೂದಾದ್ರ ಕೈ ತೊಳೀರಿ. ನೀರು ಬ್ಯಾಡ, ನೀರಿಗೆ ಇನ್ನೂ ಉರಿತಾವು. ಎಣ್ಣಿ ತಂದಿಡ್ರಿ.”

ಯಾವ ಎಣ್ಣೆ ಎಂದು ಕೇಳಿದೆ. ಕೊಬ್ಬರಿ ಎಣ್ಣೆಯೇ ಆಗಬೇಕಂತೆ. ಒಂದು ಬಾಟಲಿ ಸಾಲುವುದಿಲ್ಲವಂತೆ, ಅವರ ಸಾಲಿನವರೆಲ್ಲ ಬರುತ್ತಾರಂತೆ.