ಬಾಯಿಲ್ಲದ ಜೀವ

ಬೂದಿಗೆರೆಯ ಕೊಟ್ಟಿಗೆಯೊಂದರಲ್ಲಿ ಮುದುಕನೊಬ್ಬ ಹಸುವಿನ ಮೈದಡವುತ್ತಿದ್ದ. ತೊಗಲಿನ ಹೊಳಪು ಕುಂದಿದರೆ ಒಳಗೆ ಬೇನೆಯಿದೆಯೆಂದು ಅವನು ಬಲ್ಲ. ಆದರೆ ಕಡಲಿನ ತಿಮಿಂಗಿಲದ ಮೈ ತಡವಬಲ್ಲವರಾರು?

ಮೊಮ್ಮಗ ಓದಿ ಹೇಳಿದ: ಅದು ಚಿಮ್ಮಿ ಬಿದ್ದಾಗ ನೀರಿನಲ್ಲಿ ಉಳಿಯುವ ತೊಗಲಿನ ಚೂರನ್ನು ವಿಜ್ಞಾನಿಗಳು ಆಯ್ದುಕೊಳ್ಳುತ್ತಾರೆ, ಇಲ್ಲವೇ ಬಾಣದಿಂದ ಚಿಕ್ಕ ತುಣುಕೊಂದನ್ನು ತೆಗೆಯುತ್ತಾರೆ. ಅದರ ಮೇಲಿನ ಬ್ಯಾಕ್ಟೀರಿಯಗಳನ್ನು ಅವುಗಳ ಡಿಎನ್‌ಎ ಓದಿ ಗುರುತಿಸುತ್ತಾರೆ. 2014ರಲ್ಲಿ ಏಮಿ ಅಪ್ರಿಲ್ ಮತ್ತು ಸಂಗಡಿಗರು ಅಟ್ಲಾಂಟಿಕ್, ಪೆಸಿಫಿಕ್ ಸಾಗರಗಳ 56 ಗೂನುಬೆನ್ನಿನ ತಿಮಿಂಗಿಲಗಳನ್ನು ಪರೀಕ್ಷಿಸಿದರು. ಟೆನಾಸಿಬ್ಯಾಕ್ಯುಲಮ್, ಸೈಕ್ರೋಬ್ಯಾಕ್ಟರ್ ಎಂಬ ಎರಡು ಕುಲಗಳು ಎಲ್ಲ ಕಡಲುಗಳಲ್ಲಿಯೂ ಕಂಡವು. ಈ ನೆಂಟತನದ ಏರುಪೇರಿನಿಂದ ಪ್ರಾಣಿಯ ಆರೋಗ್ಯವನ್ನು ಅಳೆಯಬಹುದೇ ಎಂಬುದು ಅವರ ಪ್ರಶ್ನೆ. ನಮ್ಮ ಅರಬ್ಬೀ ಸಮುದ್ರದಲ್ಲಿಯೂ ಇದೇ ಜಾತಿಯ ತಿಮಿಂಗಿಲಗಳಿವೆ. ಅವು ಅಳಿವಿನ ಅಂಚಿನಲ್ಲಿವೆ.

“ಬಾಯಿಲ್ಲದ ಜೀವ ಕಣಪ್ಪ, ಮೈ ನೋಡಿಯೇ ತಿಳೀಬೇಕು” ಎಂದ ಮುದುಕ. ಅವನ ಕೈ ಹಸುವಿನ ಬೆನ್ನಿನಿಂದ ಕದಲಲಿಲ್ಲ.